ಸುಲೋಚನಮ್ಮನ ಎರಡು ಟಿಎಸ್‌ಎಚ್ ವರದಿಗಳು

ಕೋವಿಡ್ ಅಬ್ಬರ ಇಳಿದ ಮರುವರ್ಷ. ಕೋಲ್ಕತ್ತದ ಕಸ್ಬಾದಲ್ಲಿ ಒಂದು ಖಾಸಗಿ ರಕ್ತಪರೀಕ್ಷಾ ಪ್ರಯೋಗಾಲಯಕ್ಕೆ ನಾನು ಮುಖ್ಯ ವೈದ್ಯ. ಹೊರಗೆ ದುರ್ಗಾಪೂಜೆಯ ಪೆಂಡಾಲಿನ ಸುತ್ತಿಗೆ ಸದ್ದು, ಒಳಗೆ ರಂಗಸ್ವಾಮಿಯವರ ಕೂಗಾಟ. ರೈಲ್ವೆಯಿಂದ ನಿವೃತ್ತರಾಗಿ ದಕ್ಷಿಣೇಶ್ವರದಲ್ಲಿ ನೆಲೆಸಿದ್ದ ಅವರು ಹೆಂಡತಿ ಸುಲೋಚನಮ್ಮನನ್ನು ಕರೆತಂದಿದ್ದರು.

"ನಿಮ್ಮ ಮಿಷನ್ ಕೆಟ್ಟಿದೆ ಸ್ವಾಮಿ! ಜೂನಲ್ಲಿ ಹದಿನಾಲ್ಕು ಅಂದ್ರಿ, ಈಗ ಸೊನ್ನೆ ಅಂತೀರಿ. ಯಾವುದನ್ನ ನಂಬೋದು?"

ಅವರು ಹೇಳುತ್ತಿದ್ದದ್ದು ಟಿಎಸ್‌ಎಚ್. ಕುತ್ತಿಗೆಯ ಥೈರಾಯ್ಡ್ ಗ್ರಂಥಿಗೆ 'ಕೆಲಸ ಮಾಡು' ಎಂದು ಮೆದುಳಿನಡಿಯ ಪಿಟ್ಯುಟರಿ ಗ್ರಂಥಿ ಕಳಿಸುವ ಆದೇಶ ಅದು. ರಕ್ತದಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾದರೆ ಟಿಎಸ್‌ಎಚ್ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ಸಾಮಾನ್ಯ ಮಟ್ಟ ಹೆಚ್ಚುಕಡಿಮೆ 0.4ರಿಂದ 4. ಸುಲೋಚನಮ್ಮನ ಗ್ರಂಥಿ ಸೋತು ವರ್ಷಗಳಾಗಿದ್ದವು. ಆ ಹಾರ್ಮೋನನ್ನು ಹೊರಗಿನಿಂದ ತುಂಬುವ ಥೈರಾಕ್ಸಿನ್ ಮಾತ್ರೆಯೇ ಆಧಾರ. ಟಿಎಸ್‌ಎಚ್ ಜಗ್ಗದಿದ್ದಾಗಲೆಲ್ಲ ಅವರ ವೈದ್ಯರು ಡೋಸು ಏರಿಸಿ 150 ಮೈಕ್ರೊಗ್ರಾಂಗೆ ತಂದಿದ್ದರು.

ಕೈ ಹಿಡಿದು ನೋಡಿದೆ. ನಾಡಿ 120, ಅದೂ ತಾಳ ತಪ್ಪಿ. ಬೆರಳುಗಳು ನಡುಗುತ್ತಿದ್ದವು. ಎರಡೂ ಥೈರಾಯ್ಡ್ ಹಾರ್ಮೋನು ಅತಿಯಾದದ್ದರ ಲಕ್ಷಣ. ನನಗೆ ಹೆದರಿಕೆಯಾಯಿತು. ಅರವತ್ತು ದಾಟಿದ ಹೃದಯ ಹೀಗೆ ಅಡ್ಡಾದಿಡ್ಡಿ ಬಡಿದರೆ ಒಳಗೆ ರಕ್ತ ಹೆಪ್ಪುಗಟ್ಟಿ ಪಾರ್ಶ್ವವಾಯು ಹೊಡೆಯಬಹುದು.

ಮತ್ತೆ ರಕ್ತ ತೆಗೆಸಿದೆ. ಯಂತ್ರದ ತಪಾಸಣೆ ಮಾಡಿಸಿದೆ. ಫಲಿತಾಂಶ ಬರುವವರೆಗೆ ಕೂರಲಾರದೆ ವರಾಂಡದಲ್ಲಿ ಸುತ್ತು ಹಾಕಿದೆ. ಬಂತು: 0.02. ಯಂತ್ರ ಸರಿಯಿತ್ತು. ಜೂನಿನದೂ ಸುಳ್ಳಲ್ಲ ಎಂದಾದರೆ, ನಡುವೆ ಏನೋ ಬದಲಾಗಿರಲೇಬೇಕು.

"ಮಾತ್ರೆ ಜಾಸ್ತಿ ನುಂಗಿದ್ರಾ?"

"ದಿನಾ ನಾನೇ ಕೊಡೋದು, ಒಂದೇ," ರಂಗಸ್ವಾಮಿ ಸಿಡುಕಿದರು.

"ಯಾವುದರ ಜೊತೆ?"

ಸುಲೋಚನಮ್ಮ ನಿಟ್ಟುಸಿರುಬಿಟ್ಟರು. "ಮೊದ್ಲು ಕಾಫಿ ಜೊತೆ. ಹಾಸನದಿಂದ ನನ್ ತಮ್ಮ ಪುಡಿ ತರ್ತಿದ್ದ, ಈ ಸಲ ಬರ್ಲೇ ಇಲ್ಲ. ಇಲ್ಲಿನ ಚಾ ನಂಗೆ ಸೇರಲ್ಲ. ಎರಡು ತಿಂಗಳಿಂದ ಬರೀ ಬಿಸಿನೀರು, ಡಾಕ್ಟ್ರೇ."

ಸಿಕ್ಕಿತು! ಗಟ್ಟಿ ಹಾಲಿನ ಫಿಲ್ಟರ್ ಕಾಫಿ ಥೈರಾಕ್ಸಿನ್ನನ್ನು ಕರುಳಿನಲ್ಲೇ ತಡೆಯುತ್ತದೆ. ವರ್ಷಗಟ್ಟಲೆ ಮಾತ್ರೆಯ ಒಂದು ಪಾಲು ರಕ್ತಕ್ಕೆ ಸೇರಿರಲೇ ಇಲ್ಲ, ಅದಕ್ಕೇ ಡೋಸು ಏರಿತ್ತು. ಕಾಫಿ ನಿಂತದ್ದೇ ತಡ, ಏರಿಸಿದ ಡೋಸೆಲ್ಲ ರಕ್ತಕ್ಕೆ ಸೇರಿ ಎದೆಯ ಮೇಲೆ ಬಿತ್ತು.

ಅವರ ವೈದ್ಯರಿಗೆ ಕೂಡಲೇ ಫೋನು ಮಾಡಿದೆ. ಆ ಸಂಜೆಯೇ ಆಸ್ಪತ್ರೆಗೆ ಸೇರಿಸಿ, ಮಾತ್ರೆ ನಿಲ್ಲಿಸಿ, ಆಮೇಲೆ ಕಡಿಮೆ ಡೋಸಿನಲ್ಲಿ ಶುರುಮಾಡಿದರು. ಬಡಿತ ಹಿಡಿತಕ್ಕೆ ಬರುವವರೆಗೆ ನನಗೂ ಸಮಾಧಾನವಿರಲಿಲ್ಲ.

ಪೂಜೆ ಮುಗಿದ ಮೇಲೆ ರಂಗಸ್ವಾಮಿಯವರ ಫೋನು. "ಬಾಮೈದ ಎರಡು ಕೆಜಿ ಪುಡಿ ತಂದಿದ್ದಾನೆ. ಎಸೆದುಬಿಡ್ಲಾ?"

"ಎಸೆದ್ರೆ ಅವನ ಜೊತೆ ನಾನೂ ಹಾಸನಕ್ಕೆ ಹೊರಟೆ!" ಹಿಂದಿನಿಂದ ಹೆಂಡತಿಯ ಧ್ವನಿ.

"ಬೇಡ. ಮಾತ್ರೆಗೆ ಬರೀ ನೀರು. ಒಂದು ಗಂಟೆ ಬಿಟ್ಟು ಕಾಫಿ," ಎಂದೆ.

ಮುಂದಿನ ವರದಿ 2.1. ರಕ್ತದಲ್ಲಿ ಎಷ್ಟಿದೆ ಎಂದಷ್ಟೇ ವರದಿ ಹೇಳುತ್ತದೆ, ಏಕೆ ಎಂಬುದನ್ನು ರೋಗಿಯನ್ನೇ ಕೇಳಬೇಕು. ಮಾತ್ರೆಯನ್ನು ಯಾವುದರ ಜೊತೆ ನುಂಗುತ್ತೀರಿ ಎಂದು ಇಂದಿಗೂ ಎಲ್ಲರನ್ನೂ ಕೇಳುತ್ತೇನೆ. ಸುಲೋಚನಮ್ಮನದು ಮಾತ್ರ ಒಂದು ದೂರು ಉಳಿದಿದೆ: "ವಾಸಿಯಾಯ್ತು ಅಂತೀರಿ. ಫಿಲ್ಟರ್ ಮುಂದೆ ಕೂತು ಕಾಯೋ ಆ ಒಂದು ಗಂಟೆ ಎದೆ ಡವಡವ ಅನ್ನೋದು ನಿಂತೇ ಇಲ್ಲ, ಡಾಕ್ಟ್ರೇ!"