ಎಡಗೈ ಕೆಳಗೆ

ಹೊನ್ನಾಳಿ ದಾಟಿ ಗೋವಿನಕೋವಿಯ ದಾರಿ ಹಿಡಿದರೆ ರಸ್ತೆಯ ಮೇಲೇ ಹುರುಳಿ ಹರವಿದ್ದರು. ಕಾರಿನ ಚಕ್ರ ಹತ್ತಿದ್ದೇ ತಡ, ಒಣ ಹೊಟ್ಟಿನ ಘಾಟು ಒಳಗೆ ನುಗ್ಗಿತು. ನಿಮಗೆ ಅದು ಸೀನು ತರಿಸುವ ಧೂಳಿರಬಹುದು. ನನಗೆ ಅನ್ನ ಕೊಟ್ಟ ವಿದ್ಯೆಯ ವಾಸನೆ. ನಾನು ಗಾಲ್ಫ್ ಆಡಿ ಬದುಕುವವಳು. ನಗಬೇಡಿ, ನಮ್ಮೂರಿನವರು ಆಗಲೇ ನಕ್ಕು ಮುಗಿಸಿದ್ದಾರೆ.

ಕೋಲು ಹಿಡಿದು ಹುರುಳಿ ಬಡಿಯುವುದನ್ನು ಕಲಿಸಿದವಳು ದೊಡ್ಡಮ್ಮ. ಬಲಗೈ ಮೇಲೆ, ಎಡಗೈ ಕೆಳಗೆ, ಸೊಂಟ ತಿರುಗಿಸಿ ಒಂದೇ ಬೀಸು. ಬೆಂಗಳೂರಿನ ಗಾಲ್ಫ್ ಮೈದಾನದಲ್ಲಿ ಹುಲ್ಲು ಕತ್ತರಿಸುತ್ತಿದ್ದ ಚಿಕ್ಕಪ್ಪ ಒಮ್ಮೆ ಯಾರೋ ಎಸೆದ ಗಾಲ್ಫ್ ಕೋಲನ್ನೂ ಒಂದಿಷ್ಟು ಚೆಂಡುಗಳನ್ನೂ ತಂದಾಗ, ಅದನ್ನೂ ಹಾಗೆಯೇ ಹಿಡಿದೆ. ಬೇಸಿಗೆಯ ಹೊಳೆ ಮರಳಿನಲ್ಲಿ ನಿಂತು ಹೊಡೆದೆ. ಚೆಂಡು ಹೋಯಿತು ನೋಡಿ, ಆಚೆ ದಡದ ಎಮ್ಮೆಗಳು ತಲೆಯೆತ್ತಿದವು.

ಮುಂದೆ ಚಿಕ್ಕಪ್ಪನೇ ನನ್ನನ್ನು ಆ ಮೈದಾನಕ್ಕೆ ಕರೆದೊಯ್ದ. ಚೆಂಡು ಬೀಳಿಸುವ ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲು ಕಂಡದ್ದೇ, ಸಗಣಿ ಸಾರಿಸಿದ ಕಣವೇನೋ ಎಂಬಂತೆ ಚಪ್ಪಲಿ ಬಿಟ್ಟು ಕಾಲಿಟ್ಟೆ. ಎಲ್ಲರೂ ನಕ್ಕರು. ಅಲ್ಲಿನ ತರಬೇತುದಾರರು ಮಾತ್ರ ನಗದೆ, ನಾನು ಕೋಲು ಹಿಡಿದ ಕೈ ನೋಡಿದರು.

“ಬಲಗೈ ಕೆಳಗೆ ಬರಬೇಕಮ್ಮಾ. ಈ ಹಿಡಿತದಲ್ಲಿ ಒಂದು ವರ್ಷನೂ ಆಡೋಕಾಗಲ್ಲ.”

ಅಂಜಿ ಬದಲಿಸಿದೆ. ಮೂರು ತಿಂಗಳು ಚೆಂಡು ಮರಕ್ಕೆ, ಕೆರೆಗೆ, ಒಮ್ಮೆ ಅವರದೇ ಕಾರಿಗೆ. ವೃತ್ತಿಪರ ಆಟಗಾರ್ತಿಯಾಗಲು ಆಡಬೇಕಿದ್ದ ಅರ್ಹತಾ ಪಂದ್ಯದ ಹಿಂದಿನ ದಿನ ಅಳುತ್ತಾ ದೊಡ್ಡಮ್ಮನಿಗೆ ಫೋನು ಮಾಡಿದೆ.

“ಚೆಂಡಿಗೇನು ಗೊತ್ತೈತೆ, ಯಾವ ಕೈ ಕೆಳಗೈತೆ ಅಂತ? ನಿನ್ನ ಕೈ, ನಿನಗೆ ಹೆಂಗೆ ಬರತೈತೋ ಹಂಗೆ ಹೊಡಿ” ಎಂದಳು.

ಹೊಡೆದೆ. ಪಾಸಾದೆ. ತರಬೇತುದಾರರು ಹೇಳಿದ ಆ ಒಂದು ವರ್ಷ ಈಗ ಹದಿನಾರಾಗಿದೆ.

ಆದರೆ ಈ ಸಲ ಬೇರೆ ಸುದ್ದಿ ಹೊತ್ತು ಬಂದಿದ್ದೆ. ಮಣಿಕಟ್ಟು ನೋಯುತ್ತದೆ, ಜೊತೆಗೆ ಆಡುವವರು ನನಗೆ ಮಗಳ ವಯಸ್ಸಿನವರು, ಪ್ರಾಯೋಜಕರು “ಮರ್ಯಾದೆಯಿಂದ ನಿಲ್ಲಿಸಿಬಿಡಿ ಮೇಡಂ” ಎನ್ನುತ್ತಾರೆ. ವಿದಾಯದ ಪತ್ರ ಫೋನಿನಲ್ಲಿ ಸಿದ್ಧವಿತ್ತು. ಕಣದ ಅಂಚಿನಲ್ಲಿ ಕೂತಿದ್ದ ದೊಡ್ಡಮ್ಮನಿಗೆ ಅದನ್ನು ಓದಿ ಹೇಳಿದೆ. ಅವಳು ಪಕ್ಕದಲ್ಲಿದ್ದ ಕೋಲನ್ನು ನನ್ನ ಕಡೆ ತಳ್ಳಿದಳು.

“ಇಷ್ಟು ಬಡಿ, ನೋಡಾನ.”

ಚಪ್ಪಲಿ ಬಿಟ್ಟು ಕಣಕ್ಕಿಳಿದು ಬಡಿದೆ. ಕಾಳು ಚಟಚಟ ಚಿಮ್ಮಿತು.

“ಇನ್ನೂ ಉದುರತೈತಲ್ಲೇ! ಕೋಲು ಕೆಳಗಿಡು ಅನ್ನಾಕೆ ಅವರ್ಯಾರು?”

ಮಣಿಕಟ್ಟು ನೋಯುತ್ತಿತ್ತು, ಸುಳ್ಳು ಹೇಳುವುದಿಲ್ಲ. ನೋಯಲಿ. ಪತ್ರ ಅಳಿಸಿದೆ. ಮುಂದಿನ ವಾರದ ಪಂದ್ಯಕ್ಕೆ ಅಲ್ಲಿಂದಲೇ ಹೆಸರು ಕೊಟ್ಟೆ. ನೋಡುವವರು ಬನ್ನಿ, ನಗುವವರೂ ಬನ್ನಿ. ಎಡಗೈ ಕೆಳಗೇ ಇರುತ್ತದೆ.