ಎಣ್ಣೆ ಹಚ್ಚಿದ ಚೆಂಡು

ಆ ಆಯಿತವಾರವೂ ಎಂದಿನಂತೆ ಐದೂವರೆಗೆ ಎದ್ದೆ. ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿಯ ನಾಲ್ಕು ಎಳೆ ಎಳೆದು ಒಲೆಯ ಮೇಲೆ ಎಸರಿಟ್ಟೆ. ಜೋಳದ ಹಿಟ್ಟು ನಾದಿ ಎಂಟು ರೊಟ್ಟಿ ಬಡಿದೆ. ನಮ್ಮ ಮನೆಯಲ್ಲಿ ಹಂಚು ಎರಡು. ಚಪಾತಿ, ದೋಸೆಗೆ ಒಂದು, ರೊಟ್ಟಿಗೆ ಬೇರೆಯೇ. ರೊಟ್ಟಿಯ ಹಂಚಿಗೆ ಎಣ್ಣೆಗೈ ಸೋಕಬಾರದು. ಸೋಕಿದರೆ ಹೊಗೆ, ಕಮಟು ವಾಸನೆ, ರೊಟ್ಟಿಗೆ ಕಪ್ಪು ಕಲೆ. ಇದು ಗೊತ್ತಿಲ್ಲದೆ ನನ್ನ ನಾದಿನಿ ಒಮ್ಮೆ ಅದರ ಮೇಲೆ ದೋಸೆ ಹುಯ್ದಾಗ ನಾನು ಸಿಟ್ಟಾಗಿದ್ದೆ.

ಕೈ ತೊಳೆದು ನಡುಮನೆಗೆ ಬಂದರೆ ಮಗಳ ಚೀಲ ಕಂಡಿತು. ಒಳಗೆ ಅವಳ ಬೌಲಿಂಗ್ ಚೆಂಡು. ಮಾಲ್‌ನ ಮೇಲಿನ ಅಂತಸ್ತಿನಲ್ಲಿ ಆಡುವ ಆಟ ಅದು. ನುಣುಪಾದ ಉದ್ದನೆಯ ಹಾಸು, ಆ ತುದಿಗೆ ಬಾಟಲಿಯಂಥ ಹತ್ತು ಬಿಳಿ ಪಿನ್ನುಗಳು. ಮೂರು ತೂತಿನ ಭಾರದ ಚೆಂಡನ್ನು ಉರುಳಿಸಿ ಅವನ್ನು ಕೆಡವಬೇಕು. ಮಗಳು ಮೂರು ವರ್ಷದಿಂದ ಆಡುತ್ತಿದ್ದಳು, ರಾಜ್ಯದ ತಂಡಕ್ಕೆ ಆಯ್ಕೆಯೂ ಆಗಿದ್ದಳು. ರಾಷ್ಟ್ರಮಟ್ಟದ ಪಂದ್ಯಕ್ಕೆ ಹೋಗಬೇಕೆಂದರೆ ತಂದೆಯ ಸಹಿ ಇರುವ ಫಾರ್ಮನ್ನು ಮರುದಿನವೇ ಕಳಿಸಬೇಕಿತ್ತು. "ನಿಮ್ಮ ಅಪ್ಪನವ್ರು ಹೂಂ ಅಂದ್ರ ನಂದೇನ್ ತಕರಾರಿಲ್ಲ" ಎಂದು ನನ್ನ ಯಜಮಾನರು ಹೇಳಿಬಿಟ್ಟಿದ್ದರು. ನನ್ನ ಅಪ್ಪ ಕಮಲಾಪುರದವರು. ಶಾಲೆಯಲ್ಲಿ ಆಟ ಕಲಿಸಿ ನಿವೃತ್ತರಾದವರು, ಖೋಖೋದಲ್ಲಿ ಎಷ್ಟೋ ಹುಡುಗಿಯರನ್ನು ತಯಾರು ಮಾಡಿದವರು. ಆಟದ ವಿಷಯಕ್ಕೆ ಅವರ ಮಾತೇ ಕೊನೆ. ಅಂದು ಮೊಮ್ಮಗಳ ಆಟ ನೋಡಲು ಅವರು ಬರುವವರಿದ್ದರು.

ನಿಜ ಹೇಳುತ್ತೇನೆ, ಆ ಆಟವೆಂದರೆ ನನಗೆ ಒಳಗೊಳಗೇ ಸಂಕೋಚ. ಯಾರಾದರೂ ಕೇಳಿದರೆ "ಏನೋ ಮಾಲ್‌ನಾಗ ಆಡ್ತಾಳ್ರಿ" ಎಂದು ಮಾತು ತಿರುಗಿಸುತ್ತಿದ್ದೆ. ಹುಟ್ಟುಹಬ್ಬದ ದಿನ ಮಕ್ಕಳು ಪಾಪ್‌ಕಾರ್ನ್ ತಿನ್ನುತ್ತ ಆಡುವುದು ದೇಶದೇಶಗಳ ನಡುವಿನ ದೊಡ್ಡ ಆಟ ಹೇಗಾದೀತು ಎಂದೇ ನನ್ನ ಎಣಿಕೆ. ಚೀಲ ತೆರೆದು ನೋಡಿದರೆ ಚೆಂಡು ಮಂಕಾಗಿತ್ತು, ಮೈತುಂಬ ಸಣ್ಣ ಸಣ್ಣ ಗೀರು. ನಾನು ಕಲಿತ ಕಾನ್ವೆಂಟಿನಲ್ಲಿ ಸೋಮವಾರ ಸಿಸ್ಟರ್ ಸಾಲಾಗಿ ನಿಲ್ಲಿಸಿ ಬೂಟು ನೋಡುತ್ತಿದ್ದರು. ಹೊಳಪಿಲ್ಲದ ಬೂಟಿನವಳು ತಲೆ ತಗ್ಗಿಸಬೇಕು. ಆ ತಗ್ಗಿಸಿದ ತಲೆ ನನಗೆ ಇನ್ನೂ ನೆನಪಿದೆ. ಅಪ್ಪನ ಮುಂದೆ ಇಂಥ ಚೆಂಡೇ? ಕೊಬ್ಬರಿ ಎಣ್ಣೆ ಸುರಿದು, ಹಳೆಯ ಬನಿಯನ್ನಿನ ತುಂಡಿನಿಂದ ಮಿರಿಮಿರಿ ಮಿಂಚುವ ತನಕ ಉಜ್ಜಿದೆ. ಮಗಳಿಗೆ ಹೇಳಲಿಲ್ಲ, ನೋಡಿ ಖುಷಿಪಡಲಿ ಎಂದು ಹಾಗೇ ಚೀಲದೊಳಗೆ ಇಟ್ಟೆ.

ಅಪ್ಪ ಧೋತರ ಮೇಲೆತ್ತಿ ಹಿಡಿದು ಮಾಲ್‌ನ ಮೆಟ್ಟಿಲು ಹತ್ತಿದರು. ಬಾಡಿಗೆ ಬೂಟು ತಂದುಕೊಟ್ಟರೆ, "ಮಂದಿ ಬೂಟ ನಾ ಹಾಕಂಗಿಲ್ಲ" ಎಂದು ಹಿಂದಿನ ಕುರ್ಚಿಯಲ್ಲಿ ಕೂತರು.

"ಇದು ಒಲಿಂಪಿಕ್ಸ್‌ನಾಗ ಅದ ಏನವ್ವಾ?"

"ಇಲ್ಲ ಮುತ್ಯಾ. ಒಂದ್ಸಲ ಬರೇ ತೋರ್ಸಲಾಕ ಇಟ್ಟಿದ್ರಂತ. ಏಷ್ಯನ್ ಗೇಮ್ಸ್‌ನಾಗ ಪದಕ ಕೊಟ್ಟಾರ." ಮಗಳು ನಕ್ಕಳು. "ಮತ್ತ ನಿನ್ನ ಖೋಖೋ ಅದ ಏನ್ ಒಲಿಂಪಿಕ್ಸ್‌ನಾಗ?"

"ಬಾಯಿ ಭಾಳ ಆಗ್ಯಾದ ನಿಂದು. ಖೋಖೋಕ್ಕ ಕಾಲು ಬೇಕು, ಉಸಿರು ಬೇಕು. ಇದಕ್ಕೇನ್ ಬೇಕು? ಉಳ್ಳಿಸಿದ್ರ ಉಳ್ಳತದ."

"ಸೀದಾ ಉಳ್ಳಂಗಿಲ್ಲ ಮುತ್ಯಾ. ಬಲಗಡಿ ಅಂಚಿನ ತನಕ ಹೋಗಿ ಒಳಗ ತಿರಗ್ತದ ನೋಡು. ತಿರಗಿಸೋದೇ ಆಟ."

ಚೆಂಡು ಅಂಚಿಗೆ ಹೋಯಿತು. ತಿರುಗಲಿಲ್ಲ. ಹಾಸಿನ ಪಕ್ಕದ ಕಾಲುವೆಗೆ ಬಿದ್ದು ಸದ್ದಿಲ್ಲದೆ ಹೋಯಿತು. ಎರಡನೆಯದೂ ಹಾಗೇ. ಮಗಳು ಚೆಂಡನ್ನು ಟವೆಲಿನಿಂದ ಒರೆಸಿದಳು, ಬೆರಳು ಮೂಗಿನ ಹತ್ತಿರ ಒಯ್ದಳು, ತಿರುಗಿ ನನ್ನನ್ನು ನೋಡಿದಳು. ಒಂದೇ ಕ್ಷಣ. ನಾನು ಅಪ್ಪನ ಧೋತರದ ಅಂಚು ನೋಡುತ್ತ ಕೂತೆ. ಆಮೇಲೆ ಅವಳು ಎಷ್ಟು ಎಸೆದರೂ ಮೂರೋ ನಾಲ್ಕೋ ಪಿನ್ನು ಬಿದ್ದವು. ಪಕ್ಕದ ಸಾಲಿನಲ್ಲಿ ಕೇಕಿನ ಕೈಯಲ್ಲೇ ಚೆಂಡು ಹಿಡಿದ ಒಂದು ಮಗು ಅವಳಿಗಿಂತ ಹೆಚ್ಚು ಕೆಡವಿ ಕುಣಿಯಿತು. ಅಪ್ಪ ಅದನ್ನೂ ನೋಡಿದರು.

ಅವರನ್ನು ಬಿಡಲು ಬಸ್ಸಿನಲ್ಲಿ ಕಮಲಾಪುರಕ್ಕೆ ಹೋದೆವು. ಕಟ್ಟೆಯ ಮೇಲೆ ಕೂತು ಅಪ್ಪ ನಮಗೆ ಕೆಂಪು ಬಾಳೆಹಣ್ಣು ಕೊಟ್ಟರು. ಮೊಮ್ಮಗಳ ತಲೆ ಸವರಿ, ಮೆತ್ತಗೆ ಅಂದರು: "ಬಿಡವ್ವಾ. ಇದು ನಸೀಬಿನ ಆಟ. ಹೊತ್ತು ಕಳೀಲಾಕ ಛಲೋ. ಇದಕ್ಕಾಗಿ ಪರೀಕ್ಷಾ ಬಿಟ್ಟು ಊರೂರು ತಿರಗೂದು ಬ್ಯಾಡ."

ಮಗಳು "ಹೂಂ ಮುತ್ಯಾ" ಎಂದಳು. ಅಷ್ಟರಲ್ಲಿ ನನಗೆ ಅರ್ಧ ತಿಳಿದಿತ್ತು. ಬಾಯಿ ಬಿಡಬೇಕಾದ ಹೊತ್ತು ಅದೇ. ನಾನು ಬಾಳೆಹಣ್ಣಿನ ನಾರು ಒಂದೊಂದೇ ಬಿಡಿಸುತ್ತ ಕೂತಿದ್ದೆ.

ವಾಪಸು ಬರುವ ಬಸ್ಸಿನಲ್ಲಿ ಉಳಿದರ್ಧ ತಿಳಿಯಿತು.

"ಎಣ್ಣಿ ಹಚ್ಚಿದ್ದಿ ಏನ್ ಮಮ್ಮಿ?"

"ಹೊಳೀಲಿ ಅಂತ..."

"ಹೊಳೀಬಾರ್ದು ಅಂತೇ ನಾ ಅದನ್ನ ಒರಟ್ ಹಾಳಿಲೆ ತಿಕ್ಕಿಟ್ಟಿದ್ದೆ. ಆ ಹಾಸಿನ ಮ್ಯಾಲ ತೆಳ್ಳಗ ಎಣ್ಣಿ ಸವರಿರ್ತಾರ, ಕಣ್ಣಿಗಿ ಕಾಣಂಗಿಲ್ಲ. ಎಲ್ಲಿ ಎಷ್ಟದ ಅಂತ ಅಂದಾಜ್ ಮಾಡಿ ಒಗೀಬೇಕು. ಚೆಂಡು ಒರಟಿದ್ರೇ ಅದರಾಗ ಹಿಡೀತದ, ತಿರಗ್ತದ."

ಅವಳ ಬಲ ಹೆಬ್ಬೆರಳಿನ ಬುಡದಲ್ಲಿ ಗಟ್ಟಿಯಾದ ಹಳದಿ ಚರ್ಮ ಕಂಡಿತು. ರೊಟ್ಟಿ ಬಡಿದು ಬಡಿದು ನನ್ನ ಅಂಗೈಗೆ ಬಂದಂಥದು. ಮೂರು ವರ್ಷ ಆ ಕೈಗೆ ಊಟ ಬಡಿಸಿದ್ದೆ, ನೋಡಿರಲಿಲ್ಲ.

"ಮುತ್ಯಾನ ಮುಂದ ಯಾಕ ಹೇಳಲಿಲ್ಲ?"

"ನಿನಗ ಬೈತಿದ್ದ."

ಅವಳು ಕಿಟಕಿಯ ಕಡೆ ಮುಖ ಮಾಡಿದಳು.

ಮನೆಗೆ ಬಂದವಳೇ ಬಕೆಟ್ಟಿಗೆ ಬಿಸಿನೀರು ಹಾಕಿ ಅಂಗಳದಲ್ಲಿ ಚೆಂಡನ್ನು ಅದರೊಳಗೆ ಇಟ್ಟಳು. ನೀರಿನ ಮೇಲೆ ಎಣ್ಣೆಯ ಸಣ್ಣ ಕಣ್ಣುಗಳು ಒಂದೊಂದಾಗಿ ಎದ್ದವು. ನೋಡುತ್ತ ನಿಲ್ಲಲಾಗಲಿಲ್ಲ. ಒಳಗೆ ಹೋಗಿ ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ.

"ಇಷ್ಟ್ ಎಣ್ಣಿಗಿ ಕೆಡತದ ಅಂದ್ರ ಅದು ನಸೀಬಿನ ಆಟ ಅಲ್ಲ ಬಿಡು. ಕೈಯಾಗಿನ ಆಟ. ನಾನೇ ತಪ್ಪ್ ಅಂದೆ." ಆಮೇಲೆ ಕೇಳಿದರು, "ನೀ ನನ್ನ ಮುಂದೇ ಕುಂತಿದ್ದೆಲ್ಲಾ. ಬಾಯಿ ಇದ್ದಿಲ್ಲೇನು?"

ಉತ್ತರಕ್ಕೆ ಅವರು ಕಾಯಲಿಲ್ಲ.

"ಅಳಿಯಾಗ ಫೋನ್ ಕೊಡು."

ಯಜಮಾನರು "ಹೂಂ ರೀ, ಹೂಂ ರೀ" ಎನ್ನುತ್ತಲೇ ಪೆನ್ನು ಹುಡುಕಿ ಸಹಿ ಹಾಕಿದರು. ಮಗಳು ಫಾರ್ಮು ಮಡಚಿ ಇಟ್ಟಳು, "ಥ್ಯಾಂಕ್ಸ್ ಮಮ್ಮಿ" ಎಂದಳು. ಆ ಮಾತು ನನಗೆ ಸಲ್ಲುವುದಲ್ಲ ಎಂದು ಅಂಗಳಕ್ಕೆ ಬಂದು ಬಕೆಟ್ಟಿನ ನೀರು ಬದಲಿಸತೊಡಗಿದೆ.

ಪಕ್ಕದ ಮನೆಯಾಕೆ ಕೊತ್ತಂಬರಿ ಕೇಳಿ ಇಸಿದುಕೊಂಡು ಹೊರಟವರು ಅಲ್ಲೇ ನಿಂತರು. "ಇದೇನಕ್ಕಾ, ಗುಂಡಿಗಿ ಜಳಕ ಮಾಡಿಸ್ಲಾಕತ್ತೀರಿ?"

"ಎಣ್ಣಿ ಹತ್ಯಾದ್ರಿ. ಎಣ್ಣಿ ಹತ್ತಬಾರ್ದಂತ ಇದಕ್ಕ."

"ಹಂಗಾರ ನಿಮ್ಮ ರೊಟ್ಟಿ ಹಂಚಿನಂಗೇ ಅಂತಾತು," ಎಂದು ಅವರು ಕೊತ್ತಂಬರಿಯ ಬೇರು ಚಿವುಟುತ್ತ ಹೊರಟರು. "ಪಾಪ, ಆ ನಿಮ್ಮ ನಾದಿನಿಗಿ ಹದಿನೈದ್ ದಿನ ಮಾತಾಡಿಸಿದ್ದಿಲ್ಲ ನೋಡ್ರಿ ನೀವು."