ಸಿಟ್ಟಿಲ್ಲದ ಹೆಂಗಸು

ವನಗೂರಿನಾಚೆ ಒಂದು ಕಾಫಿ ಎಸ್ಟೇಟಿನ ಕೂಲಿಯಾಳುಗಳ ಲೈನ್ ಮನೆಯಲ್ಲಿ ಮಾರಮ್ಮ ಇಪ್ಪತ್ತೆಂಟು ವರ್ಷದಿಂದ ಇದ್ದಾಳೆ. ಗಂಡ ದ್ಯಾವಯ್ಯನನ್ನು ಆನೆ ತುಳಿದು ಐದು ವರ್ಷವಾಯಿತು. ಆ ಬೆಳಗಿನ ಬಗ್ಗೆ ಮಗಳು ನಯನಾಳಿಗೂ ಹೇಳದ್ದನ್ನು ಅವಳು ಹೇಳಿಕೊಂಡದ್ದು ಒಬ್ಬಳ ಹತ್ತಿರ ಮಾತ್ರ. ತೋಟದ ಯಜಮಾನರ ಮಗಳು ಮಧುಶ್ರೀ ಹತ್ತಿರ.

ಮಧುಶ್ರೀ ಕಾದಂಬರಿ ಬರೆಯುವವಳು. ಎರಡು ಬೇಸಿಗೆ ಲೈನಿಗೆ ಬಂದು, ಮಾರಮ್ಮನ ಬಾಗಿಲ ಕಲ್ಲಿನ ಮೇಲೆ ಕೂತು ಕೇಳಿದಳು. ಬಂಗಲೆಯವರು ಯಾರೂ ಆ ಕಲ್ಲಿನ ಮೇಲೆ ಕೂತದ್ದನ್ನು ಮಾರಮ್ಮ ಕಂಡಿರಲಿಲ್ಲ. ಅದಕ್ಕೇ ಇರಬೇಕು, ಬಾಯಿ ಬಿಟ್ಟಳು.

ಆಗ ಹಾಸ್ಟೆಲಿನಲ್ಲಿದ್ದ ನಯನಾಳ ಓದು ಬಿಡಿಸಿ ಅಕ್ಕನ ಮಗನಿಗೆ ಕೊಡುತ್ತೇನೆಂದು ದ್ಯಾವಯ್ಯ ಮಾತು ಕೊಟ್ಟು ಬಂದಿದ್ದ. ಬೆಳಿಗ್ಗೆ ಎದ್ದವರೇ ಜಗಳಕ್ಕೆ ನಿಂತರು. "ಎತ್ಲಾಗಾದ್ರೂ ಹೋಗು, ತಿರ್ಗ ಈ ಬಾಗ್ಲಿಗೆ ಬರಬ್ಯಾಡ" ಅಂದಳು ಮಾರಮ್ಮ. ಅವನು ಏನೂ ತಿನ್ನದೆ ಹೋದ. ಕೆಳಗಿನ ಹಳ್ಳದಲ್ಲಿ ಆನೆ ನಿಂತಿದೆಯೆಂದು ಅರಣ್ಯ ಇಲಾಖೆಯಿಂದ ಎಲ್ಲರ ಫೋನುಗಳಿಗೆ ಸುದ್ದಿ ಬಂದಿತ್ತು. ಆದರೂ ಆಳುಗಳಿಗೆ ಕೆಲಸ ಹಂಚುವ ರೈಟರ್ ಸುರೇಂದ್ರ ಅವನನ್ನು ಅತ್ತಲೇ ಕಳಿಸಿದ. ಹೆಣದ ಮುಂದೆ ಮಾರಮ್ಮ ಅಳಲಿಲ್ಲ, ಸುರೇಂದ್ರನ ಕೊರಳಪಟ್ಟಿ ಹಿಡಿದಳು. ಬಿಡಿಸಲು ನಾಲ್ಕು ಜನ ಬೇಕಾಯಿತು.

ಪುಸ್ತಕ ಬಂತು. ಸಕಲೇಶಪುರದ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿರುವ ನಯನಾ ಒಂದು ಭಾನುವಾರ ಅದನ್ನು ತಂದು ಅವ್ವನಿಗೆ ಓದಿ ಹೇಳಿದಳು. ಅದರಲ್ಲಿನ ಹೆಂಗಸು ಗಂಡನಿಗೆ ರೊಟ್ಟಿ ಕಟ್ಟಿಕೊಟ್ಟು, ಅವನು ಮರೆಯಾಗುವ ತನಕ ನಗುತ್ತ ಬಾಗಿಲಲ್ಲಿ ನಿಂತಿರುತ್ತಾಳೆ. ಅವನು ಸತ್ತ ಮೇಲೆ ಆನೆಯ ಹೆಜ್ಜೆಗೆ ಕೈಮುಗಿಯುತ್ತಾಳೆ. ನಯನಾ ಕಣ್ಣೊರೆಸಿಕೊಳ್ಳುತ್ತ, "ಸುರೇಂದ್ರಣ್ಣನ ವಿಷಯ ಬಿಟ್ಬುಟ್ಟವ್ರೆ" ಅಂದಳು.

ಮಾರನೆಯ ದಿನ ಮಾರಮ್ಮ ಬಂಗಲೆಯ ಹಿಂದಿನ ಜಗಲಿಗೆ ಹೋದಳು.

"ಅಮ್ಮೋರೆ, ಆ ಹೆಂಗ್ಸು ನಾನಲ್ಲ."

"ಕತೆ ಅಲ್ವಾ ಮಾರಮ್ಮ, ಸ್ವಲ್ಪ ಬದಲಾಗುತ್ತೆ."

"ನಾನು ಬೈದು ಕಳ್ಸಿದ್ದೆ. ನೀವು ನಗಾಡ್ಕೊಂಡು ಕಳ್ಸ್ದೆ ಅಂತ ಬರ್ದಿದೀರಿ."

"ನಾನು ಲೈನಲ್ಲಿ ಹುಟ್ಟಿದವಳಲ್ಲ. ನಿನ್ನ ಬಾಯಲ್ಲಿ ಕೆಟ್ಟ ಮಾತು ಬರೆದ್ರೆ, ಯಜಮಾನರ ಮಗಳು ಆಳು ಹೆಂಗಸನ್ನ ಕೀಳು ಮಾಡಿದ್ಲು ಅಂತಿದ್ರು. ಹೆದರಿಬಿಟ್ಟೆ."

"ಸುರೇಂದ್ರನ್ನ ಯಾಕೆ ಬಿಟ್ರಿ?"

"ತೋಟ ಅಪ್ಪಂದು ಮಾರಮ್ಮ." ಆಮೇಲೆ ಕೇಳಿದಳು, "ನಾನು ಬರೀಲೇಬಾರದಿತ್ತಾ?"

ಮಾರಮ್ಮ ಯೋಚಿಸಿದಳು. "ಬರೀಬ್ಯಾಡಿ ಅಂತ ನಾನೆಲ್ಲಂದೆ? ನಮ್ಮ ಲೈನಲ್ಲಿ ಬರಿಯೋರು ಯಾರವ್ರೆ? ನೀವಾರ ಬರೀರಿ. ಆದ್ರೆ ಆ ಸಿಟ್ಟು ನಂದು ಕಣ್ರಮ್ಮ. ಅದ್ನ ತೆಗ್ದು ನನ್ನ ಒಳ್ಳೇಳು ಮಾಡಿ ಅಂತ ನಾನು ಕೇಳಿದ್ನಾ?"

ಮಧುಶ್ರೀಯ ಕಣ್ಣಲ್ಲಿ ನೀರು ಬಂತು. ಮುಂದಿನ ಮುದ್ರಣದಲ್ಲಿ ನೋಡೋಣ ಎಂದಳು. ಮುಂದಿನ ಮುದ್ರಣ ಬಂತು, ಒಂದು ಬಹುಮಾನದ ಹೆಸರೂ ರಕ್ಷಾಪುಟದ ಮೇಲೆ ಬಂತು. ಒಳಗೆ ಒಂದಕ್ಷರವೂ ಬದಲಾಗಿರಲಿಲ್ಲ.

ಆಮೇಲೆ ಪುಸ್ತಕದ ಹೆಂಗಸನ್ನು ನೋಡಲು ಜನ ಬರತೊಡಗಿದರು. ಒಮ್ಮೆ ಕಾಲೇಜಿನ ಮಕ್ಕಳು ವ್ಯಾನು ಮಾಡಿಕೊಂಡು ಬಂದರು. ಲೈನಿಗೆ ದಾರಿ ತೋರಿಸಿಕೊಂಡು ಬಂದವನು ಸುರೇಂದ್ರನೇ. ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು, "ನಿಮಗೆ ಯಾರ ಮೇಲೂ ಸಿಟ್ಟೇ ಬರಲಿಲ್ವಾ ಅಮ್ಮ?"

ಸುರೇಂದ್ರ ನೆಲ ನೋಡುತ್ತಿದ್ದ. ನಯನಾ ಅವ್ವನ ಪಕ್ಕದಲ್ಲಿ ಹೆಮ್ಮೆಯಿಂದ ನಿಂತಿದ್ದಳು.

"ಇಲ್ಲ ಕಣವ್ವ" ಅಂದಳು ಮಾರಮ್ಮ. ಹುಡುಗಿ ಅದನ್ನು ಬರೆದುಕೊಂಡಳು.

ಸಂಜೆ ಅಡುಗೆ ಮಾಡುವಾಗ ನಯನಾ ಹೇಳಿದಳು, "ಅಪ್ಪ ಹೆಂಗೆ ಹೋಯ್ತೋ ಏನೋ ಅಂತ ನಂಗೆ ಯಾವಾಗ್ಲೂ ಸಂಕಟ ಆಗೋದು. ನೀನು ನಗ್ತಾ ಕಳ್ಸಿದ್ದೆ ಅಂತ ಓದಿದ್ಮೇಲೆ ಸಮಾಧಾನ ಆತು ಕಣವ್ವ."

ನಿಜ ಹೇಳಬೇಕೆಂದರೆ ಜಗಳ ಯಾಕೆ ಆಯಿತೆಂದೂ ಹೇಳಬೇಕಿತ್ತು. ಹೇಳಿದರೆ, ಅಪ್ಪ ಹಸಿದುಕೊಂಡು ಹೋದದ್ದು ತನ್ನಿಂದಲೇ ಎಂದು ಮಗಳು ಜೀವಮಾನವಿಡೀ ಕೊರಗುವಳು. ಮಾರಮ್ಮ ಒಲೆಗೆ ಇನ್ನೊಂದು ಸೌದೆ ನೂಕಿ, "ಅನ್ನ ಆತೇನೋ ನೋಡು" ಅಂದಳು.